ಸೊಂಟ ನೋಡುತ್ತಿದ್ದ ತೋಮಾಸಿ

ನಿನ್ನೆ ಗ್ಯಾರೇಜು ಗುಡಿಸುವಾಗ ನನ್ನ ಹಳೆಯ ಚಪ್ಪಲಿ ಸಿಕ್ಕಿತು. ಮಂಡ್ಯದಿಂದ ಬರುವಾಗ ಮೆಟ್ಟಿಕೊಂಡು ಬಂದದ್ದು. ಬಲಗಾಲಿನದು ಇನ್ನೂ ಗಟ್ಟಿಯಾಗಿದೆ. ಎಡಗಾಲಿನದರ ಹಿಮ್ಮಡಿ ಮಾತ್ರ ಹೊರಬದಿಗೆ ಹೆರೆದ ಹಾಗೆ ಸವೆದುಹೋಗಿದೆ. ನೆಲದ ಮೇಲಿಟ್ಟರೆ ಒಳಗೆ ಕಾಲಿಲ್ಲದೆಯೂ ಎಡಕ್ಕೆ ವಾಲುತ್ತದೆ. ನನ್ನ ಮಗಳು ಮಣಿ ಡ್ಯೂಟಿಗೆ ಹೊರಟವಳು ಅದನ್ನು ನೋಡಿ, "ಇದ್ನ ಯಾಕವ್ವ ಇನ್ನೂ ಮಡಗಿದ್ದೀಯ? ಡಬ್ಬಕ್ಕೆ ಹಾಕು, ನಾಳೆ ಕಸದ ಗಾಡಿ ಬತ್ತದೆ" ಅಂದಳು. ಹೂಂ ಅಂದೆ. ಹಾಕಲಿಲ್ಲ. ಕೈಯಲ್ಲಿ ಹಿಡಿದುಕೊಂಡು ಒಳಗೆ ಬಂದು ಕೂತೆ. ಕೆಲಸ ಬಿಟ್ಟು ಕೂರುವ ಅಭ್ಯಾಸ ನನಗಿಲ್ಲ. ಎದುರಿಗೆ ನೀವು ಕೂತಿದ್ದೀರಿ ಅಂದುಕೊಂಡು ಹೇಳುತ್ತೇನೆ, ಕೇಳಿ.

ನನ್ನ ಎಡಗಡೆ ಸೊಂಟದ ಕೀಲು ಹೋಗಿ ಬಹಳ ವರ್ಷವಾಗಿತ್ತು. ಮಂಡ್ಯದಲ್ಲಿ ಒಂದು ಹೆರಿಗೆ ನರ್ಸಿಂಗ್ ಹೋಮಿನಲ್ಲಿ ನಾನು ಆಯಾ. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳಿಗೆ ಬೇರೆ ಯಾವ ಕೆಲಸ ಕೊಡುತ್ತಾರೆ. ಬಾಣಂತಿಯರನ್ನು ಎತ್ತಿ ಎತ್ತಿಯೇ ಕೀಲು ಸವೆಯಿತು ಎಂದು ಮಣಿ ಹೇಳುತ್ತಾಳೆ. ಅವಳು ನರ್ಸು, ಎಲ್ಲದಕ್ಕೂ ಅವಳ ಹತ್ತಿರ ಕಾರಣ ಇರುತ್ತದೆ. ವಯಸ್ಸಾಯಿತು, ಸವೆಯಿತು, ನನ್ನ ಲೆಕ್ಕ ಅಷ್ಟೇ. ಆ ಊರಿನಲ್ಲಿ ನಾನು ಪೇಟೆಗೆ ಹೋದರೆ ಹೆಂಗಸರು ಬೆಳೆದ ಮಕ್ಕಳನ್ನು ಹಿಡಿದು ನಿಲ್ಲಿಸಿ, ನಿನ್ನನ್ನು ಮೊದಲು ಎತ್ತಿಕೊಂಡವಳು ಇವಳೇ ನೋಡು ಎನ್ನುತ್ತಿದ್ದರು. ಇಲ್ಲಿ, ಮಗಳ ಕೆಲಸಕ್ಕೆಂದು ಕಡಲು ದಾಟಿ ಬಂದ ಈ ದೇಶದ ಪಾಪಕುರಾ ಊರಿನಲ್ಲಿ, ನಾನು ಮಣಿಯ ತಾಯಿ. ಮೂಲೆಯ ಡೈರಿಯಲ್ಲಿ ಹಾಲು ಬ್ರೆಡ್ಡು ಕೊಡುವವನಿಗೆ ಆಂಟಿ. ಅಷ್ಟೇ. ಮಣಿ ಬೆಳಿಗ್ಗೆ ಹೋದರೆ ಕತ್ತಲಿಗೆ ಬರುತ್ತಾಳೆ. ಹಗಲೆಲ್ಲ ರೈಲು ಹೋಗುವ ಸದ್ದು, ಅದು ನಿಂತರೆ ಫ್ರಿಜ್ಜಿನ ಸದ್ದು.

ತೋಮಾಸಿ ಪಕ್ಕದ ಮನೆಯವನು. ಅವನ ಅಪ್ಪ ಅಮ್ಮ ಟೋಂಗಾ ದ್ವೀಪದವರು, ಇವನು ಹುಟ್ಟಿದ್ದು ಮಾತ್ರ ಪಾಪಕುರಾದಲ್ಲೇ. ಎರಡು ಮನೆಗೂ ಒಂದೇ ಡ್ರೈವ್‌ವೇ. ನಾವು ಬಂದ ಹೊಸದರಲ್ಲಿ ನಾನು ಹಾಲಿಗೆ ಹೊರಟರೆ ಅವನು ತನ್ನ ಮೆಟ್ಟಿಲ ಮೇಲೆ ಕೂತಿರುತ್ತಿದ್ದ. ಆಳು ಎಂದರೆ ಬೀರುವಿನಂಥ ಆಳು. ಬಾಗಿಲಲ್ಲಿ ಅಡ್ಡಡ್ಡ ತಿರುಗಿಯೇ ಒಳಗೆ ಹೋಗಬೇಕು. ನಾನು ಹೋಗುವಾಗ ಬರುವಾಗ ಅವನು ನೋಡುತ್ತಿದ್ದ. ಮುಖ ಅಲ್ಲ, ನನ್ನ ಸೊಂಟ. ಮೊದಲ ದಿನ ಸುಮ್ಮನಿದ್ದೆ. ಎರಡನೇ ದಿನ ಸೀರೆಯ ಮೇಲೆ ಮಣಿಯ ಕೋಟು ಹಾಕಿಕೊಂಡು ಹೋದೆ. ಆಗಲೂ ಅಲ್ಲೇ ನೋಡಿದ. ಮೂರನೇ ದಿನ ಹಾಲಿನ ಬಾಟಲಿ ನೆಲಕ್ಕಿಟ್ಟು ಕೇಳಿಯೇಬಿಟ್ಟೆ.

"ಏನ್ಲಾ ನೋಡ್ತಿದ್ದೀಯ? ನಿಮ್ಮವ್ವನ ವಯಸ್ಸಾಗದೆ ನಂಗೆ. ಕಣ್ಣು ಕಿತ್ತು ಕೈಗೆ ಕೊಟ್ಟೇನು."

ಕನ್ನಡ ಅವನಿಗೆ ಎಲ್ಲಿ ಗೊತ್ತು. ಆದರೆ ಬೈಗುಳಕ್ಕೆ ಭಾಷೆ ಬೇಕಿಲ್ಲ. ಎದ್ದು ನಿಂತ, ತನ್ನ ಎಡ ಸೊಂಟದ ಮೇಲೆ ಅಂಗೈ ಇಟ್ಟುಕೊಂಡು ಮುಖ ಕಿವುಚಿದ. ಅದನ್ನು ನೋಡಿ ನನಗೆ ಇನ್ನೂ ಸಿಟ್ಟು ಬಂತು. ಮುದುಕಿಯನ್ನು ಅಣಕಿಸುತ್ತಾನಲ್ಲ! ಸಂಜೆ ಮಣಿ ಬಂದ ಮೇಲೆ ಮನೆ ಖಾಲಿ ಮಾಡೋಣ ಅಂದೆ. ಅವಳು ವಿಚಾರಿಸಿಕೊಂಡು ಬರುತ್ತೇನೆಂದು ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ಬಂದಾಗ ನಗುತ್ತಿದ್ದಳು. "ನಿನ್ನ ಎಡಗಡೆ ಮೂಳೆ ತೇದೋಗದಂತೆ ಕಣವ್ವ. ಡಾಕ್ಟ್ರಿಗೆ ತೋರ್ಸಿ ಅಂತ ಯೋಳ್ತಿದ್ನಂತೆ. ಸೊಂಟ ನೋಡದು ಅವನ ಕಸುಬಂತೆ."

ಸೊಂಟ ನೋಡುವ ಕಸುಬು! ನಾನು ನಂಬಲಿಲ್ಲ. ಆದರೆ ಅದು ನಿಜವೇ ಆಗಿತ್ತು.

ತೋಮಾಸಿ ಹುಡುಗನಾಗಿದ್ದಾಗ ಇಲ್ಲಿಯವರೆಲ್ಲ ಆಡುವ ರಗ್ಬಿ ಆಡುತ್ತಿದ್ದನಂತೆ. ಅಮೆರಿಕದಿಂದ ಬಂದವರು ಯಾರೋ ಅವನ ಆಕಾರ ನೋಡಿ ಕರೆದುಕೊಂಡು ಹೋದರು. ಅಲ್ಲಿ ಕಾಲೇಜು, ಆಮೇಲೆ ದುಡ್ಡು ಕೊಟ್ಟು ಆಡಿಸುವ ತಂಡ. ಆಟದ ಹೆಸರು ಫುಟ್‌ಬಾಲು, ಆಡುವುದು ಕೈಯಲ್ಲಿ. ಒಂದು ಕಡೆಯವರು ಚೆಂಡನ್ನು ಮುಂದೆ ಒಯ್ಯುವವರು, ಇನ್ನೊಂದು ಕಡೆಯವರು ತಡೆಯುವವರು. ಇವನು ತಡೆಯುವವನು. ಚೆಂಡಿನ ಉಸಾಬರಿ ಇವನಿಗಿಲ್ಲ. ಚೆಂಡು ಹಿಡಿದವನನ್ನು ಕೆಡವಬೇಕು, ಎದ್ದು ನಿಲ್ಲಬೇಕು, ಮತ್ತೆ ಕೆಡವಬೇಕು. ಅರೆಗಳಿಗೆ ಆಡಿದರೆ ಒಂದು ಗಳಿಗೆ ನಿಲ್ಲಿಸುತ್ತಾರೆ, ಕಂಡಕ್ಟರು ಸೀಟಿ ಊದಿ ಊದಿ ಬಸ್ಸು ನಿಲ್ಲಿಸಿದ ಹಾಗೆ. ಅಷ್ಟು ವರ್ಷ ಆಡಿ ಚೆಂಡು ಅವನ ಕೈಗೆ ನೆಟ್ಟಗೆ ಬಂದದ್ದು ಒಂದೇ ಸಲವಂತೆ. ಏನು ಮಾಡುವುದೆಂದು ತಿಳಿಯದೆ ಓಡಿ, ತನ್ನ ಕಾಲಿಗೆ ತಾನೇ ತೊಡರಿ ಬಿದ್ದನಂತೆ.

ಆ ಆಟದಲ್ಲಿ ತಡೆಯುವವರಿಗೆ ಮೊದಲು ಕಲಿಸುವುದು ಎದುರಾಳಿಯ ಸೊಂಟ ನೋಡುವುದನ್ನು. ಕಣ್ಣು ಅತ್ತ ತೋರಿಸಿ ಇತ್ತ ಓಡುತ್ತಾರೆ, ಭುಜವೂ ಮೋಸ, ಕಾಲೂ ಮೋಸ. ಸೊಂಟ ಎತ್ತ ತಿರುಗುತ್ತದೋ ಮನುಷ್ಯ ಅತ್ತಲೇ ಹೋಗುತ್ತಾನೆ. ಹುಡುಗುತನದಿಂದ ಅದನ್ನೇ ನೋಡಿ ನೋಡಿ ಅವನಿಗೆ ಮುಖ ನೋಡುವ ಅಭ್ಯಾಸವೇ ತಪ್ಪಿಹೋಗಿತ್ತು. ನಮ್ಮ ಬೀದಿಯ ಹೆಂಗಸರೆಲ್ಲ ಅವನನ್ನು ಕೆಟ್ಟವನು ಎಂದು ದೂರ ಇಟ್ಟಿದ್ದರು. ಗಂಡಸರಿಗೆ ಅವನು ಆಡಿದ್ದು ಆಟವೇ ಅಲ್ಲ, ಹೆಲ್ಮೆಟ್ ಹಾಕಿಕೊಂಡು ಏನು ರಗ್ಬಿ ಎಂದು ನಗುತ್ತಿದ್ದರು. ಅಮೆರಿಕದಲ್ಲಿ ಒಂದು ಊರಿಗೆ ಊರೇ ಅವನ ಹೆಸರು ಕೂಗುತ್ತಿತ್ತಂತೆ. ಮಂಡಿ ಹೋದ ಮೇಲೆ ಒಂದು ಬೆಳಿಗ್ಗೆ ತಂಡದವರು ಅವನ ಬೂಟು ಬಟ್ಟೆಗಳನ್ನು ಕಪ್ಪು ಕಸದ ಚೀಲಕ್ಕೆ ತುಂಬಿ ಕೈಗೆ ಕೊಟ್ಟರಂತೆ. ಹೆಂಡತಿ ಆ ದೇಶದವಳು, ಅಲ್ಲೇ ಉಳಿದಳು. ಇವನು ಅಪ್ಪ ಬಿಟ್ಟುಹೋದ ಮನೆಗೆ ಬಂದು ಮೆಟ್ಟಿಲ ಮೇಲೆ ಕೂತ.

ಆಮೇಲೆ ನಾನು ಅವನ ಮನೆಗೆ ಹೋಗಿ ಬರುವುದು ರೂಢಿಯಾಯಿತು. ಅವನ ಇಂಗ್ಲಿಷು ನನಗೆ ಅರ್ಧ ತಿಳಿಯುತ್ತಿತ್ತು, ನನ್ನದು ಅವನಿಗೆ ಕಾಲು. ಸಾಕಾಗುತ್ತಿತ್ತು. ಮಣಿ ಕರೆಯುವುದನ್ನು ಕೇಳಿ ಅವನೂ ಅವ್ವ ಎನ್ನುತ್ತಿದ್ದ. ನಾನು ಹಿತ್ತಲಲ್ಲಿ ಬೆಳೆದ ದೊಡ್ಡ ಕಾಳುಗಳನ್ನು ನೆನೆಸಿ ತೆಗೆದುಕೊಂಡು ಹೋಗಿ ಅವನ ಟಿವಿಯ ಮುಂದೆ ಕೂತು ಹಿಸುಕುತ್ತಿದ್ದೆ. ಅವರೆಕಾಳಲ್ಲ, ಆದರೆ ಸಾರಿಗೆ ಆಗುತ್ತದೆ. ಅವನೂ ಹಿಸುಕುತ್ತೇನೆ ಎಂದು ಕೂತ. ಆ ಬೆರಳುಗಳನ್ನು ನೀವು ನೋಡಬೇಕಿತ್ತು, ಮುರಿದು ಮುರಿದು ಕೂಡಿದವು, ಒಂದೊಂದು ಒಂದೊಂದು ದಿಕ್ಕಿಗೆ. ಒತ್ತಿದರೆ ಬೇಳೆ ಹೋಗಿ ಟಿವಿಗೆ ಬೀಳುತ್ತಿತ್ತು.

ಟಿವಿಯಲ್ಲಿ ಅವನ ಹಳೆಯ ಆಟಗಳು ಸದ್ದಿಲ್ಲದೆ ಓಡುತ್ತಿದ್ದವು. ಒಂದು ದಿನ ಒಂದು ಕಡೆ ನಿಲ್ಲಿಸಿ ನಗುತ್ತಾ ತೋರಿಸಿದ. ಯಾರಿಗೋ ತಲೆ ಕೊಟ್ಟು ಗುದ್ದಿ ಕೆಡವಿ ಎದ್ದ ತೋಮಾಸಿ ನಡೆದುಹೋಗಿ ಎದುರಾಳಿಗಳ ಗುಂಪಿನಲ್ಲಿ ನಿಂತಿದ್ದಾನೆ. ತನ್ನವರು ಯಾರೆಂದು ಗೊತ್ತಾಗಿಲ್ಲ. ಜನ ನಗುತ್ತಿದ್ದಾರೆ. ನನಗೆ ನಗು ಬರಲಿಲ್ಲ. ಹೆರಿಗೆಯದಾದರೂ ಆಸ್ಪತ್ರೆಯಲ್ಲಿ ಇದ್ದವಳಿಗೆ ತಲೆಗೆ ಪೆಟ್ಟು ಬಿದ್ದವರ ಕಣ್ಣು ಗೊತ್ತು. ಆಗ ನಿನ್ನನ್ನು ಯಾರೂ ಕೂರಿಸಲಿಲ್ಲವೇ ಎಂದು ಕೇಳಿದೆ.

"ಕೂರಿಸಿದ್ರು. ಸ್ವಲ್ಪ ಹೊತ್ತಿಗೆ ನಾನೇ ಎದ್ದು ಹೋದೆ. ಕೂತವನ ಜಾಗಕ್ಕೆ ಇನ್ನೊಬ್ಬ ಬಂದುಬಿಡ್ತಾನೆ, ಅವ್ವ."

ಅವನ ವಿದ್ಯೆ ನನಗೂ ಅಂಟಿಕೊಂಡಿತು. ನಮ್ಮ ಕನ್ನಡದವರ ಯುಗಾದಿ ಊಟಕ್ಕೆ ಮಣಿ ಕರೆದುಕೊಂಡು ಹೋದಾಗ ನಾನು ಕುರ್ಚಿಯಲ್ಲಿ ಕೂತು ಎಲ್ಲರ ಸೊಂಟ ನೋಡಿದೆ. ಹೇಗಿದ್ದೀರಾ ಆಂಟಿ, ಮನೆಗೆ ಬನ್ನಿ ಆಂಟಿ ಎಂದು ಮುಖ ನಗುತ್ತಿತ್ತು, ಸೊಂಟ ಆಗಲೇ ಒಬ್ಬಟ್ಟಿನ ಕಡೆ ತಿರುಗಿರುತ್ತಿತ್ತು. ಒಬ್ಬರದಾದರೂ ನನ್ನ ಕಡೆ ಇರಲಿಲ್ಲ. ಮನೆಗೆ ಬಂದು ತೋಮಾಸಿಗೆ ಹೇಳಿದೆ. ಅವನು ಅಷ್ಟು ನಕ್ಕದ್ದನ್ನು ನಾನು ಕಂಡೇ ಇರಲಿಲ್ಲ, ಕೆಮ್ಮು ಬರುವವರೆಗೆ ನಕ್ಕ.

ಆಮೇಲೆ ಅವನ ಮರೆವು ಶುರುವಾಯಿತು. ಒಲೆ ಆರಿಸುತ್ತಿರಲಿಲ್ಲ. ಕೇಳಿದ್ದನ್ನೇ ಕೇಳುತ್ತಿದ್ದ. ಒಂದು ಮಧ್ಯಾಹ್ನ ಸಾರಿನ ಡಬ್ಬಿ ಹಿಡಿದು ಅವನ ಬಾಗಿಲಲ್ಲಿ ನಿಂತೆ. ಬಾಗಿಲು ತೆರೆದು ನನ್ನ ಮುಖವನ್ನೇ ನೋಡಿ, ಯಾರು ಬೇಕಾಗಿತ್ತು ಎಂದ. ತಮಾಷೆ ಅಂದುಕೊಂಡೆ. ಅಲ್ಲ. ನನಗೆ ರೇಗಿತು. ಡಬ್ಬಿ ಸಮೇತ ತಿರುಗಿ ನಡೆದೆ. ನಾಲ್ಕು ಹೆಜ್ಜೆ ಹೋಗಿರಲಿಲ್ಲ, ಹಿಂದಿನಿಂದ ಕೂಗಿದ, "ಅವ್ವ! ಎಲ್ಲಿಗೆ ಹೋಗ್ತೀಯ, ಸಾರು ಕೊಡು."

ಮುಖ ಹೋಗಿತ್ತು. ಕುಂಟು ಉಳಿದಿತ್ತು.

ಅಂದಿನಿಂದ ನಾನು ಬಾಗಿಲು ತಟ್ಟುವುದನ್ನು ಬಿಟ್ಟೆ. ಡ್ರೈವ್‌ವೇಯಲ್ಲಿ ಆ ತುದಿಯಿಂದ ಈ ತುದಿಗೆ ಒಂದು ಸಲ ನಡೆಯುವುದು, ಅವನು ಕಿಟಕಿಯಿಂದ ನೋಡುವುದು, ಅವ್ವ ಎಂದು ಬಾಗಿಲು ತೆರೆಯುವುದು. ಹೆಜ್ಜೆಗೊಮ್ಮೆ ಎಡಕ್ಕೆ ವಾಲುತ್ತಾ ನಾನು ನಡೆಯುತ್ತಿದ್ದರೆ ನೋಡಿದವರು ಮುದುಕಿಗೆ ತಲೆ ಕೆಟ್ಟಿದೆ ಅಂದುಕೊಂಡಿರಬೇಕು.

ಅಷ್ಟರಲ್ಲಿ ಆಸ್ಪತ್ರೆಯಿಂದ ಕರೆ ಬಂತು. ಬಹಳ ಕಾಲ ಕಾದಿದ್ದ ಆಪರೇಷನ್ನು, ಕೀಲು ಬದಲಾಯಿಸುತ್ತಾರೆ, ನೆಟ್ಟಗೆ ನಡೆಯಬಹುದು. ಮಣಿಗೆ ಖುಷಿಯೋ ಖುಷಿ. ನಾನು ಮಾತ್ರ ಒಲೆಯ ಮುಂದೆ ನಿಂತು ಒಂದು ವಿಷಯ ಯೋಚಿಸಿದೆ. ಈ ದೇಶದಲ್ಲಿ ನಾನು ಬರುವುದನ್ನು ದೂರದಿಂದ ನೋಡಿ, ಅಗೋ ಅವಳು ಎನ್ನುವವನು ಇವನೊಬ್ಬ. ಕುಂಟು ಹೋದರೆ ಅದೂ ಹೋಗುತ್ತದೆ. ಯೋಚಿಸಿದೆ, ಬಿಟ್ಟೆ. ನೋವು ನೋವೇ. ಯಾರೋ ಗುರುತು ಹಿಡಿಯಲಿ ಎಂದು ಕೊಳೆತ ಮೂಳೆಯನ್ನು ಸೊಂಟದಲ್ಲಿ ಇಟ್ಟುಕೊಳ್ಳುವಷ್ಟು ಪೆದ್ದಿ ನಾನಲ್ಲ. ಹೋಗಿ ಮಲಗಿದೆ, ಕೊಯ್ದರು.

ಮನೆಗೆ ಬಂದು ವಾಕರ್ ಹಿಡಿದು ನಿಲ್ಲುವುದನ್ನು ಕಲಿಯುತ್ತಿದ್ದಾಗ ದೂರದ ವೆಲ್ಲಿಂಗ್ಟನ್ ಪಕ್ಕದ ಲೋವರ್ ಹಟ್‌ನಿಂದ ಅವನ ಅಕ್ಕ ಬಂದಳು. ಇನ್ನು ಒಬ್ಬನನ್ನೇ ಬಿಡುವ ಹಾಗಿಲ್ಲ ಎಂದು ಅವನ ಬಟ್ಟೆಬರೆ ಕಾರಿಗೆ ತುಂಬಿದಳು. ನಾನು ಕಿಟಕಿಯಲ್ಲಿ ನಿಂತು ಕೈ ಎತ್ತಿದೆ. ತೋಮಾಸಿ ಕಾರಿನಿಂದ ನನ್ನನ್ನು ನೆಟ್ಟಗೆ ನೋಡಿದ. ನಿಂತ ಹೆಂಗಸು ಅವನಿಗೆ ಯಾರೂ ಅಲ್ಲ. ಕಾರು ಹೋಯಿತು.

ಕಾಲು ಪೂರ್ತಿ ಸರಿಯಾದ ಮೇಲೆ ಮಣಿಗೆ ವೆಲ್ಲಿಂಗ್ಟನ್‌ನಲ್ಲಿ ಏನೋ ಟ್ರೈನಿಂಗು ಬಿತ್ತು. ನಾನೂ ಬರುತ್ತೇನೆಂದು ಹಟ ಹಿಡಿದೆ. ಅವಳನ್ನು ಟ್ರೈನಿಂಗಿಗೆ ಕಳಿಸಿ ಒಬ್ಬಳೇ ಲೋವರ್ ಹಟ್‌ಗೆ ರೈಲು ಹತ್ತಿದೆ. ಸ್ಟೇಷನ್ನಿಗೆ ಅವನ ಅಕ್ಕನೇ ಬಂದಿದ್ದಳು. ಗಾಳಿ ಎಂದರೆ ಸೀರೆ ಮೈಮೇಲೆ ನಿಲ್ಲದಂಥ ಗಾಳಿ. ತೋಮಾಸಿ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ಮೈ ಇಳಿದಿತ್ತು. ನಾನು ಗೇಟಿನಿಂದ ನಡೆದು ಹೋದೆ. ಅಭ್ಯಾಸದಂತೆ ಸೊಂಟ ನೋಡಿದ. ಎದ್ದು ನಿಂತು, ನಮಸ್ಕಾರ ಮೇಡಂ, ಕೂತುಕೊಳ್ಳಿ ಎಂದ. ಸಾರು ಕೊಟ್ಟೆ, ತಿಂದ, ತುಂಬ ಚೆನ್ನಾಗಿದೆ ಮೇಡಂ ಎಂದ. ಅವನ ಅಕ್ಕ ನಾಚಿಕೆಪಟ್ಟು ಒಳಗೆ ಹೋಗಿಬಿಟ್ಟಳು.

ನಾನೂ ಎದ್ದೆ. ಗೇಟಿನ ತನಕ ಹೋಗಿ ತಿರುಗಿದೆ. ಹಳೆಯ ಹಾಗೆ ಎಡಕ್ಕೆ ವಾಲಿ ವಾಲಿ ಕುಂಟಿಕೊಂಡು ಬಂದೆ. ಆಪರೇಷನ್ ಮಾಡಿದವರು ನೋಡಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದರು. ತೋಮಾಸಿ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ. ಎದುರಾಳಿಯನ್ನು ಕೆಡವುವ ಮೊದಲಿನ ಆ ಕಣ್ಣು ನನಗೆ ಗೊತ್ತಿತ್ತು, ಟಿವಿಯಲ್ಲಿ ನೋಡಿದ್ದೆ. ಎದ್ದು ಎರಡು ಹೆಜ್ಜೆ ಬಂದು ನನ್ನ ದಾರಿಗೆ ಅಡ್ಡ ನಿಂತ. ಗುರುತು ಸಿಕ್ಕಿತು ಅಂದುಕೊಂಡೆ.

"ಇದು ಸುಳ್ಳು," ಎಂದ. "ಭುಜ ಹೋಗ್ತಿದೆ, ಸೊಂಟ ಹೋಗ್ತಿಲ್ಲ."

ನಾನು ಅಲ್ಲೇ ನಿಂತೆ.

"ಪಾಪಕುರಾದಲ್ಲಿ ನಮ್ಮ ಅವ್ವ ಹೀಗೆ ನಡೀತಾರೆ," ಎಂದ. ದನಿ ಮೆತ್ತಗಿತ್ತು, ದಾರಿ ಮಾತ್ರ ಬಿಡಲಿಲ್ಲ. "ಅವರನ್ನ ಅಣಕಿಸಬೇಡಿ ಮೇಡಂ. ಅವರಿಗೆ ನೋವಿದೆ."

ತಪ್ಪಾಯಿತಪ್ಪ ಎಂದೆ, ಕನ್ನಡದಲ್ಲೇ. ಅವನು ಪಕ್ಕಕ್ಕೆ ಸರಿದು ಕೂರಲು ಜಾಗ ಬಿಟ್ಟ. ಮಣಿ ಬರುವ ತನಕ ಇಬ್ಬರೂ ಗಾಳಿ ನೋಡುತ್ತಾ ಕೂತಿದ್ದೆವು. ಹೊರಟಾಗ ನೆಟ್ಟಗೆ ನಡೆದು ಹೋದೆ. ಹಿಂದಿನಿಂದ ಯಾರೂ ಕೂಗಲಿಲ್ಲ.

ಇವತ್ತು ಬೆಳಿಗ್ಗೆ ಕಸದ ಗಾಡಿ ಬಂದು ಹೋಯಿತು. ಚಪ್ಪಲಿಯನ್ನು ಒರೆಸಿ, ಬಾಗಿಲ ಹೊರಗೆ ನನ್ನ ಹೊಸ ಶೂಗಳ ಪಕ್ಕದಲ್ಲಿ ಇಟ್ಟಿದ್ದೇನೆ. ಮಣಿ ಸಂಜೆ ಬಂದು ಬೈಯುತ್ತಾಳೆ, ಬೈಯಲಿ. ಪಾಪಕುರಾದಲ್ಲಿ ಒಬ್ಬಳು ಅವ್ವ ಇದ್ದಾಳೆ, ಅವಳಿಗೆ ಸೊಂಟ ನೋವು ಎಂದು ಲೋವರ್ ಹಟ್‌ನಲ್ಲಿ ಒಬ್ಬನಿಗೆ ನೆನಪಿದೆ. ಅವಳಿಗೆ ಮೆಟ್ಟಲು ಏನಾದರೂ ಬೇಕಲ್ಲ.