ಮೋಹಿನಿಯ ಶುಕ್ರವಾರದ ಪಾಠ

ಕೊಲ್ಲಿ ದೇಶದ ಸೊಹಾರ್‌ನಲ್ಲಿ ನಮ್ಮ ಮಕ್ಕಳಿಗೆ ಕನ್ನಡ ಕಲಿಸುವವರು ಯಾರೂ ಇಲ್ಲದಿದ್ದಾಗ ಮೋಹಿನಿ ತನ್ನ ಫ್ಲ್ಯಾಟಿನಲ್ಲೇ ಚಾಪೆ ಹಾಸಿ ಶುಕ್ರವಾರದ ಪಾಠ ಶುರುಮಾಡಿದಳು. ಕಾರ್ಕಳದವಳು, ಮನೆಮಾತು ತುಳು. ಕನ್ನಡವನ್ನು ಶಾಲೆಯ ಪುಸ್ತಕದಿಂದ ಕಲಿತವಳಾದ್ದರಿಂದ ಮಾತಿನಲ್ಲೂ ಪುಸ್ತಕದ ಅಚ್ಚುಕಟ್ಟು. ರಜೆಯ ದಿನವೂ ಕಾಲು ಚಾಚಲು ಜಾಗವಿಲ್ಲವೆಂದು ಗಂಡ ಬೋಜ ಗೊಣಗುತ್ತಿದ್ದ. ಆದರೂ ಮಕ್ಕಳು ಬಂದರು, ಅಕ್ಷರ ತಿದ್ದಿದರು, ಕಥೆ ಓದುವಷ್ಟಾದರು.

ಆಮೇಲೆ ನಮ್ಮ ಊರಿನ ಕನ್ನಡ ಸಂಘಕ್ಕೆ ಎಚ್ಚರವಾಯಿತು. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದು ಸೇರಿಕೊಂಡಿತು. ಪಾಠಕ್ಕೆ ಬಾಡಿಗೆ ಹಾಲ್ ಬಂತು, ಬ್ಯಾನರ್ ಬಂತು. ಒಂದು ದಿನ ಅಧ್ಯಕ್ಷ ಶ್ಯಾಮಸುಂದರ ಮೋಹಿನಿಯನ್ನು ಪಕ್ಕಕ್ಕೆ ಕರೆದರು. ಮೈಸೂರಿನವರು, ಸ್ಟೀಲ್ ಕಂಪನಿಯಲ್ಲಿ ಎಂಜಿನಿಯರ್.

“ತಪ್ಪು ತಿಳ್ಕೋಬೇಡಿ ಮೇಡಂ. ಮಕ್ಕಳು ಮನೇಲಿ ‘ಹೋಗ್ಲಿಕ್ಕುಂಟು, ಬರ್ಲಿಕ್ಕುಂಟು’ ಅಂತ ಶುರು ಮಾಡ್ಕೊಂಡಿದಾರೆ. ಸ್ವಲ್ಪ ಸ್ಟ್ಯಾಂಡರ್ಡ್ ಕನ್ನಡ ಬರಲಿ ಅಂತ.”

ಪಾಠ ಅವರ ಹೆಂಡತಿ ಕಾಂತಾಮಣಿಗೆ ಹೋಯಿತು. ಮೋಹಿನಿಗೆ ಉಳಿದದ್ದು ಮಕ್ಕಳ ತಿಂಡಿಯ ಜವಾಬ್ದಾರಿ. ಅವಳ ಗೋಳಿಬಜೆಯಲ್ಲಿ ಮಾತ್ರ ಯಾರಿಗೂ ಕರಾವಳಿಯ ದೋಷ ಕಾಣಲಿಲ್ಲ. ಅಲ್ಲ, ಸ್ಟ್ಯಾಂಡರ್ಡ್ ಅಂದರೇನು? ಅಧ್ಯಕ್ಷರ ಮನೆಯಲ್ಲಿ ಆಡುವ ಮಾತು, ಅಷ್ಟೇ.

ಆ ವರ್ಷದ ರಾಜ್ಯೋತ್ಸವದಲ್ಲಿ ಮೋಹಿನಿಯ ಮಗಳು ನಿಶ್ಮಿತಾ ಥೇಟ್ ಕಾಂತಾಮಣಿಯ ಧಾಟಿಯಲ್ಲೇ ಭಾಷಣ ಮಾಡಿದಳು. ಮಂಗಳೂರು ಕಡೆಯ ಹುಡುಗಿಯೆಂದು ಗೊತ್ತೇ ಆಗುವುದಿಲ್ಲವೆಂದು ಶ್ಯಾಮಸುಂದರ ಮೈಕಿನಲ್ಲೇ ಹೊಗಳಿದರು. ಮಗಳ ಮುಖ ಅರಳಿತು. ಮೋಹಿನಿ ಹಿಂದೆ ತಟ್ಟೆ ಜೋಡಿಸುತ್ತಿದ್ದಳು. ಊಟದ ಸಾಲಿನಲ್ಲಿ ಅವಳು ಮಗಳನ್ನು ತುಳುವಿನಲ್ಲಿ ಕರೆದಳು. ಹುಡುಗಿ ಸುತ್ತ ನೋಡಿ, ಹತ್ತಿರ ಬಂದು ಪಿಸುಗುಟ್ಟಿದಳು.

“ಅಮ್ಮ, ಪ್ಲೀಸ್. ಇವರ ಮುಂದೆ ಮಾತಾಡಬೇಡ.”

ಮೋಹಿನಿ ಮತ್ತೆ ಸಂಘದ ಕಡೆ ಹೋಗಲಿಲ್ಲ.

ಕಾಂತಾಮಣಿಗೆ ಪಾಠ ಬೇಗ ಬೇಸರವಾಯಿತು. ಹಾಲ್‌ಗೆ ಬೀಗ ಬಿತ್ತು. ಕಾಂತಾಮಣಿಯ ಮಗಳು ನಿಖಿತಾ ಮತ್ತು ನಿಶ್ಮಿತಾ ಈಗ ಪ್ರಾಣ ಸ್ನೇಹಿತೆಯರು. ಇಬ್ಬರೂ ಆಡುವುದು ಇಂಗ್ಲಿಷ್. ಮೊನ್ನೆ ಶ್ಯಾಮಸುಂದರ ತಾವಾಗಿ ಮೋಹಿನಿಯ ಮನೆಗೆ ಬಂದರು. ಮಕ್ಕಳಿಗೆ ಕನ್ನಡ ಓದಲೂ ಬಾರದಂತಾಗಿದೆ, ಮತ್ತೆ ನೀವೇ ಶುರುಮಾಡಿ, ಯಾವ ಕನ್ನಡವಾದರೂ ಸರಿ ಎಂದರು.

ಮೋಹಿನಿ ಅವರ ಮುಂದೆ ಚಹಾ ಇಟ್ಟಳು.

“ನಂಗೆ ಕನ್ನಡ ಬರುದಿಲ್ಲ ಸರ್. ಗೋಳಿಬಜೆ ಮಾಡ್ಲಿಕ್ಕೆ ಮಾತ್ರ ಬರುದು.”

ತಮಾಷೆಯೆಂದುಕೊಂಡು ಶ್ಯಾಮಸುಂದರ ನಕ್ಕರು. ಅವಳು ನಗಲಿಲ್ಲ. ಒಳಕೋಣೆಯಲ್ಲಿ ನಿಶ್ಮಿತಾ ಫೋನಿನಲ್ಲಿ ಇಂಗ್ಲಿಷ್‌ನಲ್ಲಿ ಮಾತಾಡುತ್ತಿದ್ದಳು.