ಅಕ್ಕನ ಕಾಲಿನ ಅಳತೆ

ಅಕ್ಕ ಕೊನೆಯ ಸಲ ನಮ್ಮ ಮನೆಗೆ ಬಂದ ದಿನ ಸಿಂದಗಿಯಲ್ಲಿ ಸಂತೆ ಇತ್ತು. ದೇವರ ಹಿಪ್ಪರಗಿಯಿಂದ ಬಸ್ಸಿಗೆ ಬಂದವಳು ಒಣಮೆಣಸಿನಕಾಯಿ ಕೊಂಡು, ಒಂದು ಕಾಲು ಎಳೆಯುತ್ತ ಒಳಗೆ ಬಂದಳು. ಚಪ್ಪಲಿಯ ಉಂಗುಟ ಕಿತ್ತಿತ್ತು. ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದು ಅದಕ್ಕೆ ಹಾಕಿದ್ದಳು. ಚಹಾ ಕುಡಿದೆವು. ಮೆಣಸಿನಕಾಯಿಯಲ್ಲಿ ಖಾರವೇ ಇಲ್ಲ, ಬರೀ ಬಣ್ಣ ಎಂದು ನಾನಂದೆ. ಬಣ್ಣಕ್ಕೇ ಕೊಂಡದ್ದು ಎಂದು ಅವಳಂದಳು. ಅಂಥ ದಿನ ಅದು. ನೆನಪಿಟ್ಟುಕೊಳ್ಳಬೇಕೆಂದು ಯಾರಿಗೂ ಅನ್ನಿಸದ ದಿನ.

ನನ್ನ ಮಗ ಮರುದಿನ ಸೊಲ್ಲಾಪುರಕ್ಕೆ ಹೋಗುವವನಿದ್ದ. ನಾನು ಬಾಗಿಲ ಹಿಂದಿನ ಕಸಬರಿಗೆಯಿಂದ ಒಂದು ಕಡ್ಡಿ ಹಿರಿದುಕೊಂಡು, “ಅಕ್ಕಾ, ಕಾಲ ಚಾಚು. ಅಳತಿ ಕೊಟ್ಟ ಕಳಸ್ತೇನಿ, ಚಲೋ ಚಪ್ಪಲಿ ತರ್ತಾನ” ಅಂದೆ.

ಅಕ್ಕ ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು. “ಆ ಕಡ್ಡಿ ಅತ್ತಾಗ ಒಗಿ. ಅಳತಿ ಕೊಟ್ಟು ತರಸೂದು ನಾ ಯಾವಾಗೋ ಬಿಟ್ಟೇನಿ. ಮುಂದಿನ ಸಂತಿಗೆ ಬರ್ತೇನಿ, ಇಬ್ಬರೂ ಕೂಡೇ ಹೋಗೂಣು.”

“ಈ ವಯಸ್ಸಿನಾಗೂ ಹಟಾ ಏನ ನಿಂದು?”

“ಹಟಾ ಅಲ್ಲವಾ, ರೂಢಿ.”

ಇಬ್ಬರೂ ನಕ್ಕೆವು. ಕಡ್ಡಿ ಎಲ್ಲೋ ಬಿತ್ತು. ಸಂಜೆಯ ಬಸ್ಸಿಗೆ ಅಕ್ಕ ಹೋದಳು. ಮುಂದಿನ ಸಂತೆ ಬರುವ ಮೊದಲೇ ಒಂದು ಬೆಳಿಗ್ಗೆ ಅವಳು ಏಳಲಿಲ್ಲ. ಹಿಪ್ಪರಗಿಯಲ್ಲಿ ಎಲ್ಲ ಮುಗಿಸಿಕೊಂಡು ಬಂದು ಮನೆ ಗುಡಿಸುವಾಗ ಆ ಕಡ್ಡಿ ಬಾಗಿಲ ಸಂದಿಯಿಂದ ಹೊರಬಂತು. ಯಾರೂ ಮುರಿದಿರಲಿಲ್ಲ, ಉದ್ದಕ್ಕೆ ಹಾಗೇ ಇತ್ತು. ಅದನ್ನು ಹಿಡಿದುಕೊಂಡು ಹೊಸ್ತಿಲ ಮೇಲೆ ಕುಳಿತೆ. ಗುಡಿಸಿದ ಕಸ ಗಾಳಿಗೆ ಮತ್ತೆ ಒಳಗೆ ಹೋಯಿತು.

ನಾವು ಯಾಕೆ ನಕ್ಕೆವೆಂದು ನಿಮಗೆ ಹೇಳಬೇಕಾದರೆ ಎಪ್ಪತ್ತರ ದಶಕಕ್ಕೆ ಹೋಗಬೇಕು. ಆಗ ನಮ್ಮ ಕಡೆಯ ಹೆಣ್ಣುಮಕ್ಕಳು ಪೇಟೆಗೆ ಹೋಗುತ್ತಿರಲಿಲ್ಲ, ಅವರ ಅಳತೆಗಳು ಹೋಗುತ್ತಿದ್ದವು. ಯಾರಾದರೂ ಸೊಲ್ಲಾಪುರಕ್ಕೋ ವಿಜಾಪುರಕ್ಕೋ ಹೊರಟರೆಂದು ಗೊತ್ತಾದರೆ ಸಾಕು, ಓಣಿಯ ತುಂಬ ಅಳತೆಗಳು ಹೊರಬೀಳುತ್ತಿದ್ದವು. ಬಳೆಗೆ ಒಂದು ಹಳೆಯ ಬಳೆ, ಮಕ್ಕಳ ಅಂಗಿಗೆ ಗಂಟು ಹಾಕಿದ ನೂಲು, ಚಪ್ಪಲಿಗೆ ಅಂಗಾಲಿನಷ್ಟಕ್ಕೆ ಮುರಿದ ಕಸಬರಿಗೆ ಕಡ್ಡಿ. ಹೋಗುವವರ ಚೀಲದಲ್ಲಿ ಇಡೀ ಓಣಿಯ ಕೈ, ಕಾಲು, ಎದೆ, ಸೊಂಟ ಎಲ್ಲ ಸೇರಿ ಪ್ರಯಾಣ ಮಾಡುತ್ತಿದ್ದವು.

ಅಕ್ಕ ಲಗ್ನವಾಗಿ ಹಿಪ್ಪರಗಿಗೆ ಹೋದಾಗ ಇನ್ನೂ ಹುಡುಗಿ. ಹೋದ ದಿನವೇ ಅವಳ ಅತ್ತೆ ಸಾರಿಸಿದ ನೆಲದ ಮೇಲೆ ಅವಳನ್ನು ನಿಲ್ಲಿಸಿ, ಕಾಲಿನಷ್ಟಕ್ಕೆ ಕಡ್ಡಿ ಮುರಿದು, ಜಂತಿಯ ಸಂದಿಯಲ್ಲಿ ಸಿಗಿಸಿದರಂತೆ. ಮನೆಯ ಎಲ್ಲರ ಕಡ್ಡಿಗಳೂ ಅಲ್ಲಿದ್ದವು. “ಮನಷ್ಯಾರನ್ನ ಒಮ್ಮಿ ಅಳೀಬೇಕು. ಪದೇ ಪದೇ ಅಳದ್ರ ಆಯುಷ್ಯ ಕಡಿಮಿ ಆಕ್ಕೈತಿ” ಎನ್ನುವುದು ಅವರ ನಂಬಿಕೆ. ಮಿಕ್ಕವರೆಲ್ಲ ದೊಡ್ಡವರು, ಅವರಿಗೆ ಆ ನಂಬಿಕೆಯಿಂದ ತೊಂದರೆ ಇರಲಿಲ್ಲ. ಅಕ್ಕ ಮಾತ್ರ ಬೆಳೆಯುತ್ತಿದ್ದಳು. ವರ್ಷ ವರ್ಷ ಅದೇ ಕಡ್ಡಿ ಪೇಟೆಗೆ ಹೋಗಿ ಅಷ್ಟೇ ಉದ್ದದ ಚಪ್ಪಲಿ ತರುತ್ತಿತ್ತು. ಅವಳು ಪಂಚಮಿಗೆ ತವರಿಗೆ, ಇಂಡಿಗೆ, ಬಂದಾಗ ಹಿಮ್ಮಡ ಚಪ್ಪಲಿಯ ಹಿಂದೆ ನೆಲಕ್ಕೆ ತಾಗಿ ಒಡೆದಿರುತ್ತಿತ್ತು. “ಅಕ್ಕನ ಹಿಮ್ಮಡ ಮನಿ ಬಿಟ್ಟ ಹೊರಗ ಬಿದ್ದೈತಿ” ಎಂದು ನಾನು ಕಾಡುತ್ತಿದ್ದೆ. ಅಕ್ಕ ನಗುತ್ತಿದ್ದಳು. “ನನ್ನ ಕಾಲ ದೊಡ್ಡೂ ಅದಾವ, ಏನ ಮಾಡ್ಲಿ?” ಎನ್ನುತ್ತಿದ್ದಳು. ತಪ್ಪು ಕಾಲಿನದೇ ಎಂದು ಅವಳು ನಂಬಿದ್ದಳು.

ಅಣ್ಣನ ಲಗ್ನ ಗೊತ್ತಾಯಿತು. ನಮ್ಮಲ್ಲಿ ಲಗ್ನದ ಜವಳಿ ಕೊಳ್ಳುವುದಕ್ಕೆ ಬಸ್ತಾ ಎನ್ನುತ್ತಾರೆ. ಅವ್ವನಿಗೆ ರೈಲಿನ ಹೊಗೆ ಆಗುತ್ತಿರಲಿಲ್ಲವೆಂದು ಅವಳ ಬದಲು ಹಿರಿಯ ಮಗಳನ್ನು ಕರೆಸಿದರು. ಅಕ್ಕ ಬಂದಳು, ಅವಳ ಚೀಲದಲ್ಲಿ ಅತ್ತೆಯ ಮನೆಯ ಕಡ್ಡಿಗಳೂ ಬಂದವು. ಏಳನೇ ಇಯತ್ತೆ ಮುಗಿಸಿ, ಶಾಲೆ ಬಿಟ್ಟು ಮನೆಯಲ್ಲಿ ಕುಳಿತಿದ್ದ ನಾನು ಅತ್ತೂ ಕರೆದೂ ಅವಳ ಬೆನ್ನು ಹತ್ತಿದೆ. ನಮ್ಮನ್ನು ಕರೆದೊಯ್ದವರು ಸೋದರಮಾವ.

ಇಂಡಿ ರೋಡ್ ಸ್ಟೇಷನ್ನಿನಿಂದ ಸಣ್ಣ ಗಾಡಿ. ಭೀಮಾ ನದಿ ಬಂದಾಗ ಅಕ್ಕ ಕಿಟಕಿಯಿಂದ ತಲೆ ಹೊರಹಾಕಿ ಕಣ್ಣಿಗೆ ಕಲ್ಲಿದ್ದಲ ಕಿಡಿ ಬೀಳಿಸಿಕೊಂಡಳು. ಸೊಲ್ಲಾಪುರ ಮುಟ್ಟುವವರೆಗೆ ಒಂದೇ ಕಣ್ಣಿನಲ್ಲಿ ನೋಡಿದಳು, ಆದರೂ ನನಗಿಂತ ಹೆಚ್ಚು ನೋಡಿದಳು.

ನಾನು ನೋಡಿದ್ದಾದರೂ ಏನು? ಆ ಪೇಟೆಯಲ್ಲಿ ಕಳೆದುಹೋಗುವ ಹೆದರಿಕೆಗೆ ಮಾಮಾನ ಧೋತರದ ಚುಂಗನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಬಹಳ ಹೊತ್ತು ಹಾಗೇ ನಡೆದೆ. ಕೊನೆಗೆ ಧೋತರ ನಿಂತು, ತಿರುಗಿ, ಮರಾಠಿಯಲ್ಲಿ ಏನೋ ಕೇಳಿತು. ಅದು ಮಾಮಾ ಆಗಿರಲಿಲ್ಲ. ನಗಬೇಡಿ, ಆ ಪೇಟೆಯ ತುಂಬ ಬಿಳಿ ಧೋತರಗಳೇ ಇದ್ದವು. ಹಿಂದೆ ನಿಂತಿದ್ದ ಅಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಮಾಮಾ ಚೌಕಾಸಿಯಲ್ಲಿ ಪಳಗಿದವರೆಂದು ಇಂಡಿಯಲ್ಲೆಲ್ಲ ಹೆಸರು. ಸೀರೆಯಂಗಡಿಯಲ್ಲಿ ಗಾದಿಯ ಮೇಲೆ ಕುಳಿತು, ಅಂಗಡಿಯವನ ಅರ್ಧ ಮಾಲು ಬಿಡಿಸಿ ಹರವಿಸಿ, ದರ ಕೇಳಿ ಧಡಕ್ಕನೆ ಎದ್ದರು. “ನಡೀರಿ. ಹಿಂದ ನೋಡಬ್ಯಾಡ್ರಿ. ಈಗ ಕರೀತಾನ.” ನಾವು ನಡೆದೆವು. ಯಾರೂ ಕರೆಯಲಿಲ್ಲ. ಓಣಿಯ ಕೊನೆ ಬಂತು. ಅಕ್ಕ ಮೆಲ್ಲಗೆ, “ಮಾಮಾ, ಅಂವಗ ಕಿವಿ ಮಂದ ಇರಬೇಕ್ರಿ” ಅಂದಳು. ಮಾಮಾ ಗಂಭೀರವಾಗಿ, “ನನ್ನ ಛತ್ರಿ ಅಲ್ಲೇ ಉಳದೈತಿ” ಎಂದು ಹಿಂದಿರುಗಿದರು. ಛತ್ರಿ ಅವರ ಕಂಕುಳಲ್ಲೇ ಇತ್ತು. ಅದೇ ಸೀರೆಗಳನ್ನು ಅದೇ ದರಕ್ಕೆ ಕೊಂಡೆವು.

ಆಮೇಲೆ ಮಿಲ್ಲಿನ ಅಂಗಡಿ. ಅಲ್ಲಿ ಉಳಿದ ತುಂಡುಬಟ್ಟೆಯನ್ನು ತೂಕಕ್ಕೆ ಹಾಕಿ ಕೊಡುತ್ತಿದ್ದರು. ಬಟ್ಟೆಯನ್ನು ಬೆಲ್ಲದ ಹಾಗೆ ತಕ್ಕಡಿಯಲ್ಲಿ ನೋಡಿದ್ದು ನಮಗೆ ದೊಡ್ಡ ಸೋಜಿಗ. ಮಿಲ್ಲಿನ ಭೋಂಗಾ ಕೂಗಿತು, ಬೀದಿ ಜನರಿಂದ ತುಂಬಿತು. ಅಕ್ಕ ಅವರಲ್ಲಿದ್ದ ಹೆಂಗಸರನ್ನು, ಅವರು ಚಪ್ಪಲಿ ಟಪಟಪ ಬಡಿಯುತ್ತ ನಡೆಯುವುದನ್ನು, ಬಹಳ ಹೊತ್ತು ನೋಡಿದಳು.

ಚಪ್ಪಲಿ ಮಾರುವ ಓಣಿಗೆ ಬಂದಾಗ ಹೊತ್ತು ಇಳಿದಿತ್ತು. “ಲಗೂ ಮುಗಸ್ರಿ, ಗಾಡಿ ತಪ್ಪತೈತಿ” ಎಂದು ಮಾಮಾ ಗಡಿಬಿಡಿ ಮಾಡಿದರು. ಕನ್ನಡಕ ಹಾಕಿದ ಒಬ್ಬರು ತಟ್ಟಿನ ಮೇಲೆ ಚಪ್ಪಲಿ ಹರವಿಕೊಂಡು ಕುಳಿತಿದ್ದರು. ಅಕ್ಕ ಕಡ್ಡಿಗಳನ್ನು ಒಂದೊಂದಾಗಿ ಕೊಟ್ಟಳು. ಮಾವನವರದು, ಗಂಡನದು, ಅತ್ತೆಯದು. ಕೊನೆಗೆ ತನ್ನದು.

ಅವರು ಅದನ್ನು ಚಪ್ಪಲಿಗೆ ಹಿಡಿದು ನೋಡಿ ಕೇಳಿದರು: “ಹುಡುಗಿ ಸಾಲ್ಯಾಗ ಎಷ್ಟನೇತ್ತ ಅದಾಳ್ರಿ ಬಾಯಾರ?”

“ಯಾವ ಹುಡುಗಿ?”

“ಈ ಅಳತಿ ಹುಡುಗಿ.”

ನಾನು ಬಾಯಿ ತೆರೆದೆ. ಅಕ್ಕ ನನ್ನ ತೋಳು ಚಿವುಟಿದಳು. “ಐದನೇತ್ತ ಅದಾಳ್ರಿ” ಅಂದಳು.

“ಹಂಗಾರ ಒಂದೀಟು ದೊಡ್ಡದ ಒಯ್ರಿ. ವರ್ಷಾ ವರ್ಷಾ ಹುಡುಗೂರ ಕಾಲು ಬೆಳೀತಾವು.”

ಅಕ್ಕ ತಲೆ ತಗ್ಗಿಸಿ ತನ್ನ ಒಡೆದ ಹಿಮ್ಮಡಗಳನ್ನು ನೋಡಿದಳು. ಅವು ಅಂದೂ ಚಪ್ಪಲಿಯಿಂದ ಹೊರಗೇ ಇದ್ದವು. ಆಮೇಲೆ ತಟ್ಟಿನ ಅಂಚಿಗೆ ಕುಳಿತು, ಸೀರೆಯ ನಿರಿಗೆ ಎತ್ತಿಕೊಂಡು, ಕಾಲು ಚಾಚಿದಳು. “ಹುಡುಗೀದು ಇರ್ಲಿ. ಈ ಕಾಲಿಗೊಂದು ತೋರಸ್ರಿ.”

“ಏ ಹುಡುಗಿ, ನಿಮ್ಮತ್ತಿ ಕಡ್ಡಿ ಕೊಟ್ಟಾರ, ಅದರಂಗ ತಗೊಂಡ ಏಳು. ನಾಳೆ ನನ್ನ ಮ್ಯಾಲ ಬರ್ತೈತಿ” ಎಂದು ಮಾಮಾ ಅವಸರ ಮಾಡಿದರು.

“ಮಾಮಾ, ಸ್ವಲ್ಪ ಸುಮ್ಮನ ಕುಂದರ್ರಿ.”

ಅಕ್ಕ ಗಂಡಸರಿಗೆ ಹಾಗೆ ಹೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಮಾಮಾ ಕುಳಿತುಬಿಟ್ಟರು. ಆ ಮನುಷ್ಯ ಒಂದಾದ ಮೇಲೊಂದು ತೊಡಿಸಿ ನೋಡಿದರು. ಒಂದು ಜೋಡಿಯಲ್ಲಿ ಹಿಮ್ಮಡ ಒಳಗೆ ಬಂದು ಕುಳಿತಿತು. ಅಕ್ಕ ಎದ್ದು ನಿಂತಳು. ನಾಲ್ಕು ಹೆಜ್ಜೆ ಅತ್ತ ನಡೆದಳು, ಇತ್ತ ಬಂದಳು. ಮತ್ತೆ ಅತ್ತ ಹೋದಳು. ಕಡ್ಡಿಯನ್ನು ಚೀಲದಲ್ಲಿಟ್ಟು, “ಇವನ್ನ ಬಿಚ್ಚೂದಿಲ್ಲ” ಅಂದಳು.

ಗಾಡಿಯಲ್ಲಿ ಮಾತ್ರ ಅವಳ ಮುಖ ಇಳಿಯಿತು. ಅತ್ತೆಗೆ ಏನು ಹೇಳುವುದು? ಅವರು ಕೊಟ್ಟ ಅಳತೆಯನ್ನು ಸುಳ್ಳು ಮಾಡಿದಂತಾಯಿತಲ್ಲ! “ಸೊಲ್ಲಾಪುರದಾಗ ನಡದೂ ನಡದೂ ಕಾಲ ಉಬ್ಬಿದೂ ಅಂತ ಹೇಳು” ಎಂದು ನಾನು ಉಪಾಯ ಹೇಳಿದೆ. ಅಷ್ಟು ಆತಂಕದಲ್ಲೂ ಅವಳಿಗೆ ನಗು ಬಂತು.

ಅವಳನ್ನು ಬಿಡಲು ಹಿಪ್ಪರಗಿಗೆ ನಾನೂ ಹೋಗಿದ್ದೆ. ಅತ್ತೆ ಬಾಗಿಲಲ್ಲೇ ಚಪ್ಪಲಿ ಕಂಡರು. “ನಿಂದ್ರು” ಎಂದರು. ಚೀಲದಿಂದ ಕಡ್ಡಿ ತೆಗೆದು, ಬಗ್ಗಿ, ಸೊಸೆಯ ಪಾದದ ಪಕ್ಕಕ್ಕೆ ಹಿಡಿದರು. ಅಕ್ಕ ಗಾಬರಿಯಾಗಿ ಹಿಂದೆ ಸರಿಯಲು ನೋಡಿದಳು. ಹಿರಿಯರು ಕಾಲು ಮುಟ್ಟುವುದೆಂದರೇನು! ಅವರು ಬಿಡಲಿಲ್ಲ. ಕಡ್ಡಿ ಹಿಮ್ಮಡದ ಈಚೆಗೇ ಮುಗಿದಿತ್ತು.

“ಇಷ್ಟ ವರ್ಷ ಒದ್ದಾಡಿದಿ. ಬಾಯಿ ಇರ್ಲಿಲ್ಲೇನ ನಿನಗ?”

“ನನ್ನ ಕಾಲ ದೊಡ್ಡೂ ಅಂತ ತಿಳದಿದ್ನಿರಿ, ಅತ್ತಿ.”

ಮುದುಕಿ ಮೊಣಕಾಲಿಗೆ ಕೈಯೂರಿ ಎದ್ದರು. ಆಮೇಲೆ ಕಡ್ಡಿಯನ್ನು ಮತ್ತೆ ಜಂತಿಯಲ್ಲೇ ಸಿಗಿಸಿದರು. “ನೀ ಈ ಮನಿಗೆ ಬಂದ ದಿನದ ಕಾಲು ಇದು. ಇರ್ಲಿ. ಇನ್ನ ಮ್ಯಾಲ ನಿನ್ನ ಕಾಲ್ಮರಿ ನೀನ ಹೋಗಿ ತಗೋ.”

ಅಂದಿನಿಂದ ಅಕ್ಕ ಯಾರ ಕೈಗೂ ಅಳತೆ ಕೊಡಲಿಲ್ಲ, ಯಾರ ಅಳತೆಯನ್ನೂ ಒಯ್ಯಲಿಲ್ಲ. ಬಂಧುಗಳ ಬಸ್ತಾಕ್ಕೆ ಅವಳನ್ನು ಕರೆದರೆ ಒಂದೇ ಮಾತು: “ಕಡ್ಡಿ ನೂಲು ಬ್ಯಾಡ. ಹುಡುಗೀನ್ನ ಕರಕೊಂಡ ಬರ್ರಿ.” ಹಿರಿಯರು ಗೊಣಗುತ್ತಿದ್ದರು, ಅವಳು ಕೇಳುತ್ತಿರಲಿಲ್ಲ. ಮುದ್ದೇಬಿಹಾಳದ ಪೇಟೆಗೆ, ಬಸವನ ಬಾಗೇವಾಡಿಯ ಸಂತೆಗೆ ಹೀಗೆ ಅವಳ ಹಿಂದೆ ಎಷ್ಟೋ ಹುಡುಗಿಯರು ಹೋದರು. ನನ್ನ ಲಗ್ನದ ಸೀರೆಯನ್ನು ಆರಿಸಿದ್ದೂ ನಾನೇ. ಕಡುನೀಲಿ ಬಣ್ಣದ್ದು. ನನ್ನ ಮೈಬಣ್ಣಕ್ಕೆ ಒಪ್ಪಲಿಲ್ಲವೆಂದು ಎಲ್ಲರೂ ಅಂದರು, ಅದು ನಿಜವೂ ಹೌದು. ಅಕ್ಕ ಮಾತ್ರ, “ಆಕಿ ಆರಿಸ್ಯಾಳಲ್ಲ, ಮುಗೀತು” ಅಂದಿದ್ದಳು.

ಹಿಪ್ಪರಗಿಯಲ್ಲಿ ಅಕ್ಕನ ದಿನಕರ್ಮ ಮುಗಿಸಿ ಬರುವಾಗ ಅವಳ ಸೊಸೆಯನ್ನು ಪಿನ್ನು ಹಾಕಿದ ಆ ಚಪ್ಪಲಿಯ ಬಗ್ಗೆ ಕೇಳಿದ್ದೆ. “ಕಿತ್ತಿದ್ದೂ ಅಂತ ಒಗದ್ನಿರಿ, ಅತ್ತಿ. ಯಾಕ್ರಿ, ಬೇಕಾಗಿದ್ದೂ ಏನ್ರಿ?” ಎಂದು ಆ ಹುಡುಗಿ ಕಣ್ಣು ತುಂಬಿಕೊಂಡಳು. ನಾನು ಏನೂ ಇಲ್ಲವೆಂದೆ. ಅವಳು ಒಳಗೆ ಹೋಗಿ ಅಕ್ಕನ ಟ್ರಂಕಿನಿಂದ ಒಂದು ಸಣ್ಣ ಅರಿವೆಯ ಸುತ್ತು ತಂದುಕೊಟ್ಟಳು. ಬಿಚ್ಚಿದರೆ ಜಂತಿಯ ಕಡ್ಡಿ. ಹೊಗೆ ಹಿಡಿದು ಕಪ್ಪಾಗಿತ್ತು.

ಈಗ ಎರಡೂ ಕಡ್ಡಿಗಳು ನಮ್ಮ ಮನೆಯ ಗೋಡೆಯ ಮಾಡದಲ್ಲಿವೆ. ಪದೇ ಪದೇ ಅಳೆದರೆ ಆಯುಷ್ಯ ಕಡಿಮೆಯಾಗುತ್ತದೆ ಎನ್ನುತ್ತಿದ್ದರು. ಅಕ್ಕನ ಕಾಲನ್ನು ನಾನು ಅಂದು ಅಳೆದೂ ಇರಲಿಲ್ಲ. ಮೊನ್ನೆ ಸಂತೆಗೆ ಒಬ್ಬಳೇ ಹೋದೆ. ಚಪ್ಪಲಿ ಅಂಗಡಿಯ ಮುಂದೆ ನಿಂತೆ. “ಯಾರಿಗ್ರಿ?” ಎಂದು ಅಂಗಡಿಯವ ಕೇಳಿದ. ನನಗೇ ಎಂದು ಹೇಳಿ ಕುಳಿತು ಕಾಲು ಚಾಚಿದೆ. ಸರಿಯಾದದ್ದೇ ಸಿಕ್ಕಿತು.

ಮನೆಗೆ ಬಂದು ಮಾಡದ ಮುಂದೆ ನಿಂತೆ. ಒಂದು ಕಡ್ಡಿ ಅಕ್ಕ ಹುಡುಗಿಯಾಗಿದ್ದಾಗಿನ ಕಾಲು. ಇನ್ನೊಂದು ಯಾರ ಕಾಲೂ ಅಲ್ಲ. ನನ್ನನ್ನು ಪೇಟೆಗೆ ಕರೆದೊಯ್ದ ಅಕ್ಕನ ಕಾಲಿನ ಅಳತೆ ನಮ್ಮ ಯಾರ ಹತ್ತಿರವೂ ಇಲ್ಲ.