ತತ್ತಿಯಿಲ್ಲದ ಗೆಂಡೆ

ಮೊನ್ನೆ ಬಾಣಾವರದ ಬಸ್ಸಿಗೆ ಕಾಯುತ್ತಿದ್ದಾಗ ಕೊಳೆತ ತೆಂಗಿನ ಮಟ್ಟೆಯ ನಾತ ಬಂತು. ಪಕ್ಕದವರು ಮೂಗು ಮುಚ್ಚಿಕೊಂಡರು. ನನಗೆ ಮೀನಿನಕ್ಕ ನೆನಪಾದಳು.

ನಯಾಪೈಸೆ ಹೊಸದಾಗಿ ಬಂದಿದ್ದ ಕಾಲ. ನಾನು ಕಣಕಟ್ಟೆ ಹತ್ತಿರದ ಹಳ್ಳಿಗೆ ಸೊಸೆಯಾಗಿ ಬಂದಿದ್ದೆ. ಊರ ಕೆರೆಯ ಮೀನು ಹಿಡಿದು ಮನೆಮನೆಗೆ ತಂದು ಮಾರುತ್ತಿದ್ದವಳು ಅವಳು. ಬಾಯಿ ಬಹಳ ಕೆಟ್ಟದ್ದು. ಆದರೂ ಮೊದಲ ಮಳೆಗೆ ಗೆಂಡೆ ಮೀನು ತತ್ತಿಯಿಡಲು ಕೋಡಿ ಹತ್ತುವಾಗ ಎಂಟು ದಿನ ಬಲೆ ಮುಟ್ಟುತ್ತಿರಲಿಲ್ಲ. ಬಸುರಿಯ ದಾರಿಗೆ ಅಡ್ಡ ನಿಲ್ಲಬಾರದಂತೆ.

ಆಗಲೇ ಕೆರೆಯ ಪಕ್ಕ ನಾರಿನ ಕಾರ್ಖಾನೆ ಶುರುವಾಯಿತು. ಮಟ್ಟೆ ನೆನೆಹಾಕಿದ ಕಪ್ಪು ನೀರನ್ನು ಕೆರೆಗೇ ಬಿಡುತ್ತಿದ್ದರು. ಮೀನು ಸಿಗುತ್ತಿತ್ತು, ಕೊಯ್ದರೆ ಹೊಟ್ಟೆಯಲ್ಲಿ ತತ್ತಿ ಇರುತ್ತಿರಲಿಲ್ಲ. ತತ್ತಿ ರುಚಿಯೇ, ಆದರೆ ಮನೆ ತುಂಬ ಜನರಿದ್ದಾಗ ಮಾಂಸವೇ ಬೇಕು. ಒಳ್ಳೆಯದೇ ಆಯಿತೆಂದು ನಾನು ಅವಳೆದುರೇ ಹೇಳಿಬಿಟ್ಟೆ.

"ಹಿಗ್ಗು, ಹಿಗ್ಗು. ಕೆರೆ ಬಂಜೆಯಾಗೈತೆ ಕಣವ್ವ. ಇರೋವು ಮುಗುದ್ಮ್ಯಾಕೆ ನನ್ ಬುಟ್ಟೀಲಿ ಏನ್ ತರ್ಲಿ, ಕಪ್ಪೆನಾ?"

ಅವಳಿಗೆ ಗಂಡನಿಲ್ಲ, ಹೊಲವಿಲ್ಲ. ಆ ಕೆರೆಯೊಂದೇ.

ಮಾರನೆಯ ದಿನ ಪಂಚಾಯ್ತಿ ಕಟ್ಟೆಗೆ ಬುಟ್ಟಿ ಸಮೇತ ಹೋದಳು. ಪಟೇಲರು ಮೀನು ತಿನ್ನದ ಮನೆಯವರು. ಅವರೆದುರೇ ಕೂತು ಒಂದೊಂದಾಗಿ ಗೆಂಡೆ ಕೊಯ್ದು ಖಾಲಿ ಹೊಟ್ಟೆ ತೋರಿಸತೊಡಗಿದಳು. ಪಟೇಲರು ಮುಖ ತಿರುಗಿಸಿ, ಎತ್ತಿಕೊಂಡು ಹೋಗೆಂದರು.

"ಕಾರ್ಖಾನೆ ನೀರು ನಿಲ್ಲೋಗಂಟ ದಿನಾ ಇಲ್ಲೇ ಕೊಯ್ತೀನಿ ಬುದ್ಧಿ. ನೀವು ಆ ಕಡೀಕೆ ನೋಡ್ಕಂಡೇ ಕೂತ್ಕಳಿ."

ಮೂರು ದಿನ ಕೊಯ್ದಳು. ನಾಲ್ಕನೆಯ ದಿನ ಪಟೇಲರೇ ಕಾರ್ಖಾನೆಗೆ ಹೋಗಿ, ಕೆರೆಯಿಂದ ದೂರ ಗುಂಡಿ ತೋಡಿಸಿ ಕಪ್ಪು ನೀರನ್ನು ಅದಕ್ಕೆ ತಿರುಗಿಸಿದರು. ಮೀನಿನ ಮೇಲೆ ಕರುಣೆ ಬಂತೆಂದು ನಾನು ನಂಬುವುದಿಲ್ಲ. ಕಟ್ಟೆ ನಾರುತ್ತಿತ್ತು, ಅಷ್ಟೇ.

ಎರಡು ಮಳೆಗಾಲ ಕಳೆಯಿತು... ಇಲ್ಲ, ಮೂರೇ ಇರಬೇಕು... ಮಳೆ ಹಿಡಿಯುವ ಮುಂಚಿನ ಒಂದು ಬೆಳಿಗ್ಗೆ ನಮ್ಮ ಹಿತ್ತಿಲಿಗೆ ಬಂದು ಗೆಂಡೆಯೊಂದನ್ನು ಸೀಳಿ ತೋರಿಸಿದಳು. ಹೊಟ್ಟೆ ತುಂಬ ನವಣೆಯಂಥ ಹಳದಿ ತತ್ತಿ. ಆ ದಿನ ಯಾರನ್ನೂ ಬೈಯಲಿಲ್ಲ. ಅದನ್ನು ಹುರಿದು ಮುದ್ದೆಯ ಜೊತೆ ಇಬ್ಬರೂ ಹಿತ್ತಿಲಲ್ಲೇ ಕೂತು ತಿಂದೆವು. ಉಪ್ಪು ಕಡಿಮೆಯಾಗಿತ್ತು. ಆದರೂ ಅಂಥ ಊಟ ಆಮೇಲೆ ಉಂಡಿಲ್ಲ.

ಅವಳು ಸತ್ತಾಗ ನಾನು ತವರಿನಲ್ಲಿದ್ದೆ. ಸುದ್ದಿ ಬರುವಷ್ಟರಲ್ಲಿ ಮಣ್ಣು ಮಾಡಿದ್ದರು. ಮುಖ ನೋಡಲಿಲ್ಲ...

ಈಗ ಮನೆಗೆ ಮೀನು ತಂದರೆ ಕೊಯ್ಯಲು ಸೊಸೆಯರಿಗೆ ಬಿಡುವುದಿಲ್ಲ. ಕಣ್ಣು ಮಂಜಾಗಿದೆ, ಬೆರಳು ಹಾಕಿ ಹೊಟ್ಟೆ ನೋಡುತ್ತೇನೆ. ತತ್ತಿ ಸಿಕ್ಕಿದರೆ ಕೂಗಿ ಹೇಳಬೇಕೆನಿಸುತ್ತದೆ. ಯಾರಿಗೆ ಹೇಳಲಿ?